ಅಪ್ಪನ ಖಾತೆ ಮುಚ್ಚುವ ಮೊದಲು ಆ 14 ಪುಟ ಓದಿ

ಓದುಗರ ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು. ಕಳೆದ ತಿಂಗಳು ಅಪ್ಪ ಹೃದಯಾಘಾತದಿಂದ ತೀರಿಕೊಂಡರು. 53 ವರ್ಷ ಆಗಿತ್ತು. ತೆಂಗಿನ ತೋಟ ಇದೆ, ಜೊತೆಗೆ ಸ್ವಲ್ಪ ಕೊಬ್ಬರಿ ವ್ಯಾಪಾರ. ದುಡ್ಡಿನ ವಿಷಯ ಅಪ್ಪನಿಗೆ ಬಿಟ್ಟು ಮನೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಖಾತೆಗೆ ಅಮ್ಮ ನಾಮಿನಿ. ಮರಣ ಪ್ರಮಾಣಪತ್ರ ಕೊಟ್ಟು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿದೆ, 14 ಪುಟ. ಏನೂ ಅರ್ಥ ಆಗುತ್ತಿಲ್ಲ. 17.70, 27.14, 436, 20, 1,770 ಹೀಗೆ ಏನೇನೋ ಕಡಿತ. ಬ್ಯಾಂಕಿನವರು ಸುಮ್ನೆ ಹಣ ಮುರಿದುಕೊಂಡಿದ್ದಾರೆ ಎಂದು ಚಿಕ್ಕಪ್ಪ ಹೇಳುತ್ತಾರೆ. ತಿಂಗಳು ತಿಂಗಳು 1,862 ರೂಪಾಯಿ ‘ನ್ಯಾಚ್ ಡಿಆರ್’ ಎಂದು ಹೋಗಿದೆ. ಪ್ರತಿ 5ನೇ ತಾರೀಖು ಒಬ್ಬರಿಗೆ 5,000 ಯುಪಿಐ ಆಗಿದೆ. ಮೂರು ತಿಂಗಳಿಗೊಮ್ಮೆ 4,250 ಜಮಾ ಆಗಿದೆ. ಅಪ್ಪ ಹೋದ ಮಾರನೇ ದಿನ ತಮ್ಮ ಅವರ ಎಟಿಎಂ ಕಾರ್ಡಿನಿಂದ ಕಾರ್ಯದ ಖರ್ಚಿಗೆಂದು 20,000 ತೆಗೆದಿದ್ದಾನೆ. ಅಮ್ಮನ ಸಹಿ ಹಾಕಿಸಿ ಖಾತೆ ಮುಚ್ಚಿಬಿಡಿ ಎಂದು ಬ್ಯಾಂಕಿನಲ್ಲಿ ಫಾರಂ ಕೊಟ್ಟಿದ್ದಾರೆ. ಮುಚ್ಚಿಬಿಡಲಾ?

ಉತ್ತರ: ಅಪ್ಪನನ್ನು ಕಳೆದುಕೊಂಡು ಇನ್ನೂ ಒಂದು ತಿಂಗಳು. ಇಂಥ ಹೊತ್ತಿನಲ್ಲಿ ಅಂಕಿಗಳ ಮುಂದೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಕೂತಿದ್ದೀರಲ್ಲ, ಒಳ್ಳೆಯ ಕೆಲಸ ಮಾಡಿದ್ದೀರಿ. ಮುಚ್ಚುವ ಫಾರಂಗೆ ಅಮ್ಮ ಈಗಲೇ ಸಹಿ ಹಾಕುವುದು ಬೇಡ. ಖಾತೆದಾರರು ತೀರಿಕೊಂಡ ವಿಷಯ ಬ್ಯಾಂಕಿಗೆ ಗೊತ್ತಾಗಿದೆ, ಅಷ್ಟು ಸಾಕು. ಮುಚ್ಚುವುದಕ್ಕೆ ಅವಸರ ಇಲ್ಲ.

ನೋಡಿಮ್ಮಾ, ನಿಮ್ಮ ಪತ್ರದಲ್ಲಿ ಐದು ಕಡಿತಗಳ ನಡುವೆ 436 ಎಂದು ಬರೆದಿದ್ದೀರಿ. ನಾನು ಓದುವುದನ್ನು ಅಲ್ಲೇ ನಿಲ್ಲಿಸಿದೆ. ಆ ಸಾಲಿನ ತಾರೀಖು ನೋಡಿ. ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ಇದ್ದರೆ, ಪಕ್ಕದ ವಿವರದಲ್ಲಿ ‘ಪಿಎಂಜೆಜೆಬಿವೈ’ ಎಂಬ ಅಕ್ಷರಗಳು ಇರಲೇಬೇಕು. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. 2015ರಲ್ಲಿ ಶುರುವಾದ ಯೋಜನೆ. ಆಗ ಕಂತು 330 ಇತ್ತು, 2022ರ ಜೂನ್ 1ರಿಂದ 436 ಆಯಿತು. ಜೂನ್ 1ರಿಂದ ಮುಂದಿನ ಮೇ 31ರವರೆಗೆ ರಕ್ಷಣೆ. ಸಾವು ಯಾವ ಕಾರಣದಿಂದ ಆದರೂ ನಾಮಿನಿಗೆ 2 ಲಕ್ಷ ರೂಪಾಯಿ ಬರುತ್ತದೆ. ಹೃದಯಾಘಾತವೂ ಸೇರಿ. 18ರಿಂದ 50 ವರ್ಷದೊಳಗೆ ಸೇರಿದವರಿಗೆ 55 ತುಂಬುವವರೆಗೆ ಇದು ಮುಂದುವರಿಯುತ್ತದೆ. ನಿಮ್ಮ ಅಪ್ಪನಿಗೆ 53. ಅವರು ಹೋದ ದಿನ ಆ ವಿಮೆ ಚಾಲ್ತಿಯಲ್ಲಿತ್ತು.

ಅಂದರೆ ಚಿಕ್ಕಪ್ಪ ಯಾವುದನ್ನು ಬ್ಯಾಂಕಿನವರು ಮುರಿದುಕೊಂಡದ್ದು ಎನ್ನುತ್ತಿದ್ದಾರೋ, ಅದರಲ್ಲಿ ಒಂದು ಸಾಲಿನಿಂದ ನಿಮ್ಮ ಮನೆಗೆ 2 ಲಕ್ಷ ಬರಬೇಕು. ಬ್ಯಾಂಕಿನವರು ತಾವಾಗಿ ಹೇಳುತ್ತಾರೆ ಎಂದು ಕಾಯಬೇಡಿ. ಹೇಳಬೇಕಿತ್ತು, ನಿಜ. ಆದರೆ ಕೌಂಟರಿನಲ್ಲಿ ಕೂತವರ ಮುಂದೆ ಖಾತೆ ಮುಚ್ಚುವ ಅರ್ಜಿ ಇರುತ್ತದೆಯೇ ಹೊರತು ಸ್ಟೇಟ್‌ಮೆಂಟ್ ಇರುವುದಿಲ್ಲ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಬ್ಯಾಂಕಿನಲ್ಲಿ 33 ವರ್ಷ ಕೆಲಸ ಮಾಡಿದೆ, ಅದರಲ್ಲಿ ಹೆಚ್ಚಿನ ವರ್ಷ ಹಳ್ಳಿ, ಹೋಬಳಿಗಳ ಶಾಖೆಗಳಲ್ಲಿ. ಒಂದು ಶಾಖೆಯಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ಗಾರೆ ಕೆಲಸದವರೊಬ್ಬರು ತೀರಿಕೊಂಡರು. ಅವರ ಹೆಂಡತಿ ಬಂದರು. ಖಾತೆಯಲ್ಲಿ ಇದ್ದದ್ದು 6,000 ಚಿಲ್ಲರೆ. ಆಯಮ್ಮನನ್ನು ಕಾಯಿಸಬಾರದು ಎಂದು ಅರ್ಧ ಗಂಟೆಯಲ್ಲಿ ಹಣ ಕೊಟ್ಟು ಖಾತೆ ಮುಚ್ಚಿದೆವು. ಒಳ್ಳೆಯದು ಮಾಡಿದೆವು ಎಂದೇ ಅಂದುಕೊಂಡೆವು. ಒಂದು ವರ್ಷದ ಮೇಲೆ ಅವರ ಮಗ ಹಳೇ ಪಾಸ್‌ಬುಕ್ ಹಿಡಿದು ಬಂದ. “ಸಾರ್, ಈ 330 ಏನು?” ಎಂದು ಕೇಳಿದ. ಆ ಸಾಲು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ಓಡಾಡಿ ಕ್ಲೇಮ್ ಮಾಡಿಸಿದೆ, ಹಣ ಬಂತು. ಆದರೆ ಆ ಒಂದು ವರ್ಷ ಆ ತಾಯಿ ಓಲೆ ಅಡವಿಟ್ಟು ಮಕ್ಕಳ ಫೀಸು ಕಟ್ಟಿದ್ದರು. ಅದಾದ ಮೇಲೆ ಯಾರದೇ ಖಾತೆ ಮುಚ್ಚುವ ಫಾರಂ ಬಂದರೂ ನಾನು ಮೊದಲು ಹಿಂದಿನ ಮೇ ತಿಂಗಳ ಪುಟ ತೆಗೆಸಿ ನೋಡುತ್ತಿದ್ದೆ.

436ರ ಹತ್ತಿರದಲ್ಲೇ ಇರುವ 20 ರೂಪಾಯಿ ಅಪಘಾತ ವಿಮೆಯದು, ‘ಪಿಎಂಎಸ್‌ಬಿವೈ’. ಅದೂ 2 ಲಕ್ಷ, ಆದರೆ ಅಪಘಾತವಾದರೆ ಮಾತ್ರ. ಹಾಗಾಗಿ ನಿಮಗೆ ಅದು ಸಿಗುವುದಿಲ್ಲ. ತೆಂಗಿನ ಸೀಮೆಯ ಬೇರೆ ಓದುಗರಿಗಾಗಿ ಒಂದು ಮಾತು: ಮರದಿಂದ ಬಿದ್ದು ಸತ್ತರೂ, ಹಾವು ಕಚ್ಚಿ ಸತ್ತರೂ ಅದು ಅಪಘಾತವೇ. ಆಗಿನ ಆಸ್ಪತ್ರೆ ದಾಖಲೆ ಇರಬೇಕು ಅಷ್ಟೇ. ಇನ್ನೊಂದು ವಿಷಯ. ವರ್ಷದ ಮಧ್ಯೆ ಜೀವನ್ ಜ್ಯೋತಿಗೆ ಸೇರಿದವರಿಗೆ ಮೊದಲ ಸಲ 436 ಪೂರ್ತಿ ಕಡಿತ ಆಗಿರುವುದಿಲ್ಲ. ಸೇರಿದ ತಿಂಗಳು ನೋಡಿ 342, 228 ಅಥವಾ 114 ಆಗಿರುತ್ತದೆ. ಈ ನಾಲ್ಕರಲ್ಲಿ ಯಾವುದು ಕಂಡರೂ ಬಿಡಬೇಡಿ. ಹೊಸದಾಗಿ ಸೇರಿದ ಮೊದಲ 30 ದಿನದಲ್ಲಿ ಅಪಘಾತ ಬಿಟ್ಟು ಬೇರೆ ಕಾರಣದ ಸಾವಿಗೆ ಹಣ ಇಲ್ಲ. ಎರಡು ಬ್ಯಾಂಕಿನಲ್ಲಿ ಎರಡು ಸಲ ಕಂತು ಕಟ್ಟಿದ್ದರೂ ಬರುವುದು ಒಂದೇ 2 ಲಕ್ಷ.

ಈಗ ಆ 14 ಪುಟ ಓದುವ ಬಗೆ ಹೇಳುತ್ತೇನೆ. ಸ್ಟೇಟ್‌ಮೆಂಟ್‌ನ ಭಾಷೆ ಕಷ್ಟದ್ದೇನಲ್ಲ. ‘ಟು’ ಎಂದು ಶುರುವಾದರೆ, ಇಲ್ಲ ‘ಡಿಆರ್’ ಎಂದಿದ್ದರೆ ಹಣ ಹೊರಗೆ ಹೋಯಿತು. ‘ಬೈ’ ಅಥವಾ ‘ಸಿಆರ್’ ಎಂದರೆ ಒಳಗೆ ಬಂತು. ಯುಪಿಐ ಸಾಲಿನಲ್ಲಿ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಜೊತೆಗೆ ಎದುರಿನವರ ಹೆಸರಿನ ತುಂಡು, ಅವರ ಬ್ಯಾಂಕಿನ ಗುರುತು ಇರುತ್ತವೆ. ಹೆಸರು ಅರ್ಧಕ್ಕೆ ಕತ್ತರಿಸಿ ಹೋಗಿದ್ದರೂ ಆ 12 ಅಂಕಿ ಇದ್ದರೆ ಬ್ಯಾಂಕಿನವರು ಪೂರ್ತಿ ವಿವರ ತೆಗೆಯಬಲ್ಲರು. ಪಾಸ್‌ಬುಕ್, ಸ್ಟೇಟ್‌ಮೆಂಟ್‌ಗಳಲ್ಲಿ ಅರ್ಥವಾಗದ ಸಾಲು ಬರೆಯಬಾರದು, ಯಾರಿಗೆ, ಯಾವ ಬಗೆಯಲ್ಲಿ ಹೋಯಿತು ಎಂದು ತಿಳಿಯುವಂತಿರಬೇಕು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಆದ್ದರಿಂದ ಕೇಳುವುದಕ್ಕೆ ಸಂಕೋಚ ಬೇಡ.

ಒಂದು ಪೆನ್ಸಿಲ್ ತಗೊಳ್ಳಿ. ಅಂಗಡಿ, ಪೆಟ್ರೋಲು, ಮೊಬೈಲ್ ರೀಚಾರ್ಜ್ ಇವನ್ನೆಲ್ಲ ಮೊದಲು ಹೊಡೆದುಹಾಕಿ. ಪುಟದ ಮುಕ್ಕಾಲು ಭಾಗ ಅದೇ ಇರುತ್ತದೆ. ಉಳಿದದ್ದರಲ್ಲಿ ತಿಂಗಳಿಗೊಮ್ಮೆ ಬರುವ ಸಾಲು ಯಾವುದು, ಮೂರು ತಿಂಗಳಿಗೊಮ್ಮೆ ಯಾವುದು, ವರ್ಷಕ್ಕೆ ಒಂದೇ ಸಲ ಯಾವುದು ಎಂದು ಗುರುತು ಮಾಡಿ. ವರ್ಷಕ್ಕೊಮ್ಮೆ ಬರುವ ಸಾಲೇ ಜಾಸ್ತಿ ತಪ್ಪಿಹೋಗುವುದು. ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿದವರಿಗೆ ಅದು ಕಾಣುವುದೇ ಇಲ್ಲ. ನೀವು ಒಂದು ವರ್ಷದ್ದು ತೆಗೆಸಿದ್ದೀರಿ, ಸರಿಯಾಗಿದೆ. ಸಾಧ್ಯವಾದರೆ ಮೂರು ವರ್ಷದ್ದು ಕೇಳಿ. ಒಂದು ವರ್ಷ ಕಂಡು ಮುಂದಿನ ವರ್ಷ ಕಾಣದ ಸಾಲು ಇದ್ದರೆ ಯಾವುದೋ ವಿಮೆ ನಿಂತಿದೆ, ಇಲ್ಲವೇ ಸಾಲ ತೀರಿದೆ ಎಂದು ಗೊತ್ತಾಗುತ್ತದೆ.

ಬ್ಯಾಂಕಿನ ಶುಲ್ಕ ಪತ್ತೆ ಹಚ್ಚುವುದಕ್ಕೆ ಒಂದು ಸುಲಭದ ಲೆಕ್ಕ ಇದೆ. ಬ್ಯಾಂಕ್ ಹಾಕುವ ಶುಲ್ಕಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇರುತ್ತದೆ. ಅರ್ಥವಾಗದ ಮೊತ್ತವನ್ನು ಮೊಬೈಲ್‌ನಲ್ಲಿ 1.18ರಿಂದ ಭಾಗಿಸಿ. ಪೈಸೆ ಉಳಿಯದೆ ಪೂರ್ಣ ಸಂಖ್ಯೆ ಬಂದರೆ ಅದು ಹೆಚ್ಚುಕಡಿಮೆ ಶುಲ್ಕವೇ. 17.70 ಭಾಗಿಸಿದರೆ 15. ಅದು ಎಸ್‌ಎಂಎಸ್ ಶುಲ್ಕ, ಮೂರು ತಿಂಗಳಿಗೊಮ್ಮೆ. 27.14 ಭಾಗಿಸಿದರೆ 23. ಅದು ಉಚಿತ ಮಿತಿ ದಾಟಿದ ಮೇಲೆ ಎಟಿಎಂ ಬಳಸಿದ್ದಕ್ಕೆ. ಬೇರೆ ಬ್ಯಾಂಕಿನ ಎಟಿಎಂ ಆದರೆ ತಿಪಟೂರಿನಂಥ ಊರಲ್ಲಿ ತಿಂಗಳಿಗೆ ಐದು ಸಲ ಉಚಿತ, ಬೆಂಗಳೂರಿನಲ್ಲಿ ಮೂರೇ ಸಲ. ಅಪ್ಪ ವ್ಯಾಪಾರಕ್ಕೆ ಓಡಾಡುವಾಗ ಸಿಕ್ಕ ಎಟಿಎಂನಲ್ಲಿ ತೆಗೆದಿರಬಹುದು. ಇವೆರಡೂ ಬ್ಯಾಂಕಿನ ಮೋಸ ಅಲ್ಲ. ಚಿಕ್ಕಪ್ಪನಿಗೆ ಈ ಲೆಕ್ಕ ತೋರಿಸಿ.

ಈಗ 1,770 ಭಾಗಿಸಿ ನೋಡಿ. 1,500 ಬರುತ್ತದೆ. ವರ್ಷಕ್ಕೆ ಒಂದೇ ಸಲ 1,500 ರೂಪಾಯಿ ಶುಲ್ಕ. ವಿವರದ ಕಡೆ ‘ಎಲ್‌ಕೆಆರ್’ ಅಥವಾ ‘ಲಾಕರ್ ರೆಂಟ್’ ಎಂದು ಇದೆಯಾ? ಪತ್ರದಲ್ಲಿ ನೀವು ವಿವರ ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಆದರೆ ಮೊತ್ತ ನೋಡಿದರೆ ಸಣ್ಣ ಲಾಕರಿನ ವರ್ಷದ ಬಾಡಿಗೆ ಇದ್ದಂತಿದೆ. ಮನೆಯವರಿಗೆ ಗೊತ್ತಿಲ್ಲದ ಲಾಕರುಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಮಗಳ ಮದುವೆಗೆಂದು ಮಾಡಿಸಿಟ್ಟ ಒಡವೆ, ಜಮೀನಿನ ಮೂಲ ಪತ್ರ, ಎಫ್‌ಡಿ ರಸೀದಿ ಅಲ್ಲಿ ಇರುತ್ತವೆ. ಲಾಕರ್ ಇದ್ದರೆ ಅದಕ್ಕೆ ಬೇರೆಯೇ ನಾಮಿನಿ ಇರಬಹುದು. ಖಾತೆಗೆ ಅಮ್ಮ ನಾಮಿನಿ ಎಂದಮಾತ್ರಕ್ಕೆ ಲಾಕರಿಗೂ ಅವರೇ ಎಂದೇನಿಲ್ಲ. ತೆಗೆಯುವ ದಿನ ಇಬ್ಬರು ಹೊರಗಿನ ಸಾಕ್ಷಿಗಳ ಎದುರು ಬ್ಯಾಂಕಿನವರು ಒಳಗಿರುವ ವಸ್ತುಗಳ ಪಟ್ಟಿ ಮಾಡುತ್ತಾರೆ. ನೀವೂ ತಮ್ಮನೂ ಜೊತೆಗೆ ಹೋಗಿ. ಕೀಲಿ ಮನೆಯಲ್ಲೇ ಎಲ್ಲೋ ಇರುತ್ತದೆ. ಬೀರು, ಅಪ್ಪನ ಪೆಟ್ಟಿಗೆ, ದೇವರ ಮನೆ ಒಂದು ಸಲ ನೋಡಿ.

ತಿಂಗಳು ತಿಂಗಳು ಹೋಗಿರುವ 1,862ಕ್ಕೆ ಬರುತ್ತೇನೆ. ನ್ಯಾಚ್ ಎಂದರೆ ಖಾತೆದಾರರು ಒಂದು ಸಲ ಒಪ್ಪಿಗೆ ಕೊಟ್ಟರೆ ಸಾಕು, ಗೊತ್ತಾದ ದಿನ ತಾನಾಗಿ ಹಣ ಎಳೆದುಕೊಳ್ಳುವ ವ್ಯವಸ್ಥೆ. ಎಳೆದುಕೊಳ್ಳುವವರು ವಿಮಾ ಕಂಪನಿ ಆಗಿರಬಹುದು, ಸಾಲ ಕೊಟ್ಟ ಫೈನಾನ್ಸ್ ಆಗಿರಬಹುದು, ಮ್ಯೂಚುವಲ್ ಫಂಡ್ ಆಗಿರಬಹುದು. ಮ್ಯೂಚುವಲ್ ಫಂಡ್ ಆದರೆ ಕೆಲವೊಮ್ಮೆ ಫಂಡಿನ ಹೆಸರೇ ಇರುವುದಿಲ್ಲ, ‘ಇಂಡಿಯನ್ ಕ್ಲಿಯರಿಂಗ್ ಕಾರ್ಪ್’ ಎಂದು ಇರುತ್ತದೆ. ನೋಡಿದವರು ಏನೋ ಮೋಸ ಎಂದುಕೊಳ್ಳುತ್ತಾರೆ. ಶಾಖೆಗೆ ಹೋಗಿ ಆ ಮ್ಯಾಂಡೇಟ್‌ನ, ಅಂದರೆ ಅಪ್ಪ ಕೊಟ್ಟ ಒಪ್ಪಿಗೆಯ, ವಿವರ ಕೇಳಿ. ಯಾರ ಪರವಾಗಿ, ಯಾವ ದಿನದಿಂದ, ಎಷ್ಟರವರೆಗೆ ಎಂದು ಅದರಲ್ಲಿ ಇರುತ್ತದೆ. ವಿಮೆ ಎಂದು ಗೊತ್ತಾದರೆ ಪಾಲಿಸಿ ಪತ್ರ ಸಿಗದಿದ್ದರೂ ಗಾಬರಿ ಬೇಡ. ಕಂತು ತಪ್ಪದೆ ಹೋಗಿದೆ ಎನ್ನುವುದಕ್ಕೆ ಈ ಸ್ಟೇಟ್‌ಮೆಂಟೇ ಸಾಕ್ಷಿ. ಬ್ಯಾಂಕಿನ ಮೊಹರು, ಸಹಿ, ದೃಢೀಕರಣ ಇರುವ ಪ್ರತಿ ತಗೊಂಡರೆ ಅದು ಕೋರ್ಟಿನಲ್ಲೂ ನಿಲ್ಲುತ್ತದೆ. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ಇನ್ನೂ ಜೀವಂತ ಇದೆ. ಸಾಲದ ಕಂತು ಎಂದು ಗೊತ್ತಾದರೆ, ಸಾಲ ಕೊಟ್ಟ ದಿನದ ಆಸುಪಾಸಿನಲ್ಲಿ ಒಂದೇ ಸಲ ವಿಮೆಯ ಹಣ ಮುರಿದಿದ್ದಾರಾ ನೋಡಿ. ಸಾಲದ ಜೊತೆ ವಿಮೆ ಮಾಡಿಸಿದ್ದರೆ ಉಳಿದ ಸಾಲವನ್ನು ವಿಮಾ ಕಂಪನಿಯೇ ಕಟ್ಟಬೇಕಾಗಬಹುದು. ಇದನ್ನು ಕೇಳದೆ ಕೈಯಿಂದ ಕಂತು ಕಟ್ಟುತ್ತಾ ಹೋಗಬೇಡಿ.

5ನೇ ತಾರೀಖಿನ 5,000ದ ಬಗ್ಗೆ ನನಗೆ ಅನ್ನಿಸುವುದು ಇದು. ಒಂದೇ ತಾರೀಖು, ಒಂದೇ ಮೊತ್ತ, ಒಬ್ಬರೇ ವ್ಯಕ್ತಿ. ಹೀಗೆ ಹೋಗುವುದು ಬಹುಪಾಲು ಚೀಟಿ ದುಡ್ಡು, ಇಲ್ಲವೇ ಕೈಸಾಲದ ಬಡ್ಡಿ. ಚೀಟಿ ಆಗಿದ್ದರೆ ಅಪ್ಪ ಎತ್ತಿದ್ದಾರಾ, ಇನ್ನೂ ಎತ್ತಿಲ್ಲವಾ ಎನ್ನುವುದೇ ಮುಖ್ಯ ಪ್ರಶ್ನೆ. ಸ್ಟೇಟ್‌ಮೆಂಟ್‌ನಲ್ಲಿ ಅದೇ ವ್ಯಕ್ತಿಯಿಂದ ದೊಡ್ಡ ಮೊತ್ತ ಒಂದು ಸಲ ಜಮಾ ಆಗಿದೆಯಾ ಹುಡುಕಿ. ಆಗಿಲ್ಲ ಎಂದರೆ ನಿಮಗೆ ಹಣ ಬರಬೇಕಾಗಿರಬಹುದು. ಊರಿನ ಚೀಟಿಗೆ ಬೇರೆ ಕಾಗದ ಇರುವುದಿಲ್ಲ, ಅಲ್ವಾ? ಈ ಹನ್ನೆರಡು ಸಾಲುಗಳೇ ಕಾಗದ. ಅವರನ್ನು ಭೇಟಿ ಮಾಡುವಾಗ ಜಗಳಕ್ಕೆ ಹೋದಂತೆ ಹೋಗಬೇಡಿ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅಪ್ಪ ನಿಮಗೆ ಪ್ರತಿ ತಿಂಗಳು ಕಳಿಸುತ್ತಿದ್ದರು, ಯಾವ ಲೆಕ್ಕದ್ದು ಎಂದು ಕೇಳಿ. ಆ ಸಾಲುಗಳ ಪ್ರತಿ ನಿಮ್ಮ ಕೈಯಲ್ಲಿರಲಿ.

ಇನ್ನು ಒಳಗೆ ಬಂದ ಹಣ. ಮೂರು ತಿಂಗಳಿಗೊಮ್ಮೆ ಎರಡು ಬಗೆಯ ಬಡ್ಡಿ ಬರುತ್ತದೆ. ಉಳಿತಾಯ ಖಾತೆಯ ಬಡ್ಡಿ ಪ್ರತಿ ದಿನದ ಬಾಕಿಯ ಮೇಲೆ ಲೆಕ್ಕ ಹಾಕುವುದರಿಂದ ಪ್ರತಿ ಸಲ ಬೇರೆ ಬೇರೆ ಮೊತ್ತ ಬರುತ್ತದೆ. ನಿಮಗೆ ಪ್ರತಿ ಸಲ ಒಂದೇ 4,250 ಬಂದಿದೆ. ಹಾಗಾದರೆ ಅದು ಬಹಳ ಮಟ್ಟಿಗೆ ಎಫ್‌ಡಿ ಬಡ್ಡಿ. ಲೆಕ್ಕ ಹಾಕಿದರೆ ಸುಮಾರು ಎರಡೂವರೆ ಲಕ್ಷದ ಠೇವಣಿ ಎಲ್ಲೋ ಇದೆ. ವಿವರದಲ್ಲಿ ಠೇವಣಿ ಖಾತೆಯ ಸಂಖ್ಯೆ ಇರಬಹುದು. ಅವಧಿ ಮುಗಿಯುವ ಮೊದಲೇ ನಾಮಿನಿ ಅದನ್ನು ತೆಗೆಯಬೇಕಾದರೆ ದಂಡ ಹಾಕುವಂತಿಲ್ಲ, ಠೇವಣಿದಾರರು ತೀರಿಕೊಂಡಾಗ ಆ ನಿಯಮ ಬೇರೆ. ಅಮ್ಮನಿಗೆ ಈಗ ಹಣ ಬೇಡ ಎಂದರೆ ಸುಮ್ನೆ ಮುರಿಸಬೇಡಿ.

ಅಪ್ಪ ನಾಫೆಡ್ ಖರೀದಿ ಕೇಂದ್ರಕ್ಕೆ ಕೊಬ್ಬರಿ ಕೊಟ್ಟಿದ್ದರೆ, ಅಥವಾ ಮಂಡಿಯಿಂದ ಬಾಕಿ ಬರಬೇಕಿದ್ದರೆ, ಆ ಹಣ ಬರುವುದು ಇದೇ ಖಾತೆಗೆ. ಖಾತೆ ಮುಚ್ಚಿದರೆ ಅದು ಕಳಿಸಿದವರಿಗೇ ವಾಪಸ್ ಹೋಗುತ್ತದೆ, ಆಮೇಲೆ ಕಚೇರಿ ಕಚೇರಿ ಅಲೆಯಬೇಕು. ತೀರಿಕೊಂಡವರ ಹೆಸರಿಗೆ ಇನ್ನೂ ಹಣ ಬರುವುದಿದೆ ಎಂದು ಬರೆದುಕೊಟ್ಟರೆ, ಅದಕ್ಕೆಂದೇ ಅವರ ಹೆಸರಿನಲ್ಲಿ ಎಸ್ಟೇಟ್ ಖಾತೆ ತೆರೆಯುವುದಕ್ಕೆ ಅವಕಾಶ ಇದೆ. ಶಾಖೆಯಲ್ಲಿ ಕೇಳಿ. ಆದರೆ ಅಪ್ಪ ಹೋದ ಮೇಲೆ ಪಿಎಂ-ಕಿಸಾನ್‌ನ 2,000 ಬಂದಿದ್ದರೆ ಅದನ್ನು ಮುಟ್ಟಬೇಡಿ. ಅದು ಬದುಕಿರುವ ರೈತರಿಗೆ. ಕೃಷಿ ಇಲಾಖೆಗೆ ತಿಳಿಸಿ, ವಾಪಸ್ ಕೊಡಿ.

ತಮ್ಮ ತೆಗೆದ 20,000ದ ವಿಷಯ ನೀವು ಹೆದರಿಕೊಂಡೇ ಬರೆದಿದ್ದೀರಿ ಅನ್ನಿಸಿತು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ. ಸಾವಿನ ಮನೆಯಲ್ಲಿ ತಕ್ಷಣ ಹಣ ಬೇಕು, ಪಿನ್ ಮಗನಿಗೆ ಗೊತ್ತಿರುತ್ತದೆ. ಆದರೂ ನಿಯಮ ನಿಯಮವೇ. ಖಾತೆದಾರರು ಹೋದ ಮೇಲೆ ಅವರ ಕಾರ್ಡು, ಯುಪಿಐ ಬಳಸುವ ಹಕ್ಕು ಯಾರಿಗೂ ಇಲ್ಲ, ನಾಮಿನಿಗೂ ಇಲ್ಲ. ಇನ್ನು ಮುಂದೆ ಮುಟ್ಟಬೇಡಿ. ತೆಗೆದ ಹಣ ಯಾವುದಕ್ಕೆ ಖರ್ಚಾಯಿತು ಎಂದು ಒಂದು ಹಾಳೆಯಲ್ಲಿ ಬರೆದು, ಅಂಗಡಿ, ಅಡುಗೆಯವರು, ಪೆಂಡಾಲಿನವರ ರಸೀದಿ ಇದ್ದರೆ ಲಗತ್ತಿಸಿ ಇಡಿ. ಬ್ಯಾಂಕಿನವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಂದೆ ಅಕ್ಕ ತಮ್ಮನ ನಡುವೆ ಆ ಹಣದ ಮಾತು ಬಾರದಿರಲಿ ಎಂದೂ ಇದನ್ನು ಹೇಳುತ್ತಿದ್ದೇನೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು ಅಷ್ಟೇ. ಹಣ ಎಲ್ಲ ವಾರಸುದಾರರದು.

ಅಪ್ಪನ ಸಿಮ್ಮನ್ನು ಮಾತ್ರ ಈಗಲೇ ನಿಲ್ಲಿಸಬೇಡಿ. ಯುಪಿಐ ಆ್ಯಪ್‌ಗಳನ್ನು ತೆಗೆದುಹಾಕಿ, ಫೋನ್ ನಿಮ್ಮ ಹತ್ತಿರ ಇರಲಿ. ಕಂತು ಬಾಕಿ ಇದೆ, ಠೇವಣಿ ಅವಧಿ ಮುಗಿಯುತ್ತಿದೆ ಎಂಬ ಸಂದೇಶಗಳು ಇನ್ನೂ ಒಂದು ವರ್ಷ ಬರುತ್ತವೆ. ಸ್ಟೇಟ್‌ಮೆಂಟ್‌ನಲ್ಲಿ ಕಾಣದ್ದು ಅಲ್ಲಿ ಕಾಣಬಹುದು. ಇದರ ಜೊತೆ ಮೋಸದ ಕರೆಗಳೂ ಬರುತ್ತವೆ. ನಿಮ್ಮ ಅಪ್ಪನ ವಿಮೆ ಹಣ ಮಂಜೂರಾಗಿದೆ, ಒಟಿಪಿ ಹೇಳಿ ಎನ್ನುತ್ತಾರೆ. ಯಾರಿಗೂ ಹೇಳಬೇಡಿ. ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಬ್ಯಾಂಕಿನ ಕೆಲಸ ಎಷ್ಟು ದಿನ ಹಿಡಿಯುತ್ತದೆ ಎಂದರೆ, ಬೇಕಾದ ಎಲ್ಲ ಕಾಗದ ಕೊಟ್ಟ ಮೇಲೆ 15 ದಿನದೊಳಗೆ ಖಾತೆಯ ಹಣ ಕೊಡಬೇಕು. ಅಮ್ಮ ನಾಮಿನಿ ಆಗಿರುವುದರಿಂದ ಖಾತೆಯ ಹಣಕ್ಕೆ ವಾರಸಾ ಪ್ರಮಾಣಪತ್ರ ಬೇಕಾಗುವುದಿಲ್ಲ. ಎಫ್‌ಡಿಗೆ ನಾಮಿನಿ ಇಲ್ಲದಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ತರಲು ಹೇಳಬಹುದು. ಮರಣ ಪ್ರಮಾಣಪತ್ರದ ಏಳೆಂಟು ಪ್ರತಿ ಮಾಡಿಸಿಟ್ಟುಕೊಳ್ಳಿ. ಶಾಖೆಯವರು ಸತಾಯಿಸಿದರೆ ದೂರನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಖರ್ಚಿಲ್ಲ. ಸಹಾಯಕ್ಕೆ 14448 ಸಂಖ್ಯೆ ಇದೆ.

ಸೋಮವಾರ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಶಾಖೆಗೆ ಹೋಗಿ. 436ರ ಸಾಲಿಗೆ ಗೆರೆ ಎಳೆದ ಪುಟ, ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಅಮ್ಮನ ಸ್ವಂತ ಖಾತೆಯ ಪಾಸ್‌ಬುಕ್ ಕೈಯಲ್ಲಿರಲಿ. ಜೀವನ್ ಜ್ಯೋತಿಯ ಕ್ಲೇಮ್ ಫಾರಂ ಕೊಡಿ ಎಂದು ಕೇಳಿ. ಅಲ್ಲೇ ತುಂಬಿ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ನಂತರ 1,770ರ ಸಾಲು ತೋರಿಸಿ ಲಾಕರ್ ಇದೆಯಾ ಎಂದು ಕೇಳಿ. ಆಮೇಲೆ 4,250, ಆಮೇಲೆ 1,862. ಖಾತೆ ಮುಚ್ಚುವ ಫಾರಂ ಇವೆಲ್ಲಕ್ಕೂ ಉತ್ತರ ಸಿಗುವವರೆಗೆ ಮನೆಯಲ್ಲೇ ಇರಲಿ.